ಹಳೆಯ ಲಾರಿಗೆ ಹೊಸ ತಗಡು

ಬಣ್ಣವೆಂಬುದು ನಮ್ಮಲ್ಲಿ ಬಹುಮಂದಿಗೆ ಕೇವಲ ಕಣ್ಣಿಗೆ ಸೇರಿದ ವಿಷಯ. ಕೆಂಪೊ ಹಳದಿಯೊ, ಹೊಳಪೊ ಮಂಕೊ ಎಂಬಷ್ಟರಲ್ಲಿಯೇ ವಿಚಾರ ಮುಗಿದುಹೋಗುತ್ತದೆ. ಆ ಬಣ್ಣ ಯಾವುದರ ಮೇಲೆ ನಿಂತಿದೆ, ನಿಲ್ಲುವುದಕ್ಕೆ ಮೊದಲು ಆ ನೆಲೆಯನ್ನು ಹೇಗೆ ಹದಗೊಳಿಸಿದರು ಎಂದು ಕೇಳುವವರು ವಿರಳ. ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಆ ಪ್ರಶ್ನೆಯನ್ನು ಕುರಿತು. ಹಳೆಯ ಲಾರಿಯೊಂದರಿಂದ ತುಕ್ಕು ತಿಂದ ತಗಡನ್ನು ತೆಗೆದು ಹೊಸ ತಗಡನ್ನು ಕೂಡಿಸಿದಾಗ, ಬಣ್ಣ ಬಳಿಯುವುದಕ್ಕೆ ಮುಂಚೆ ಆ ತಗಡಿಗೆ ಆಗಬೇಕಾದ ಸಂಸ್ಕಾರಗಳು ಯಾವುವು ಎಂಬುದೇ ವಿಷಯ. ಗ್ಯಾರೇಜಿನ ಮಾತು ಸುಶಿಕ್ಷಿತರ ಕಿವಿಗೆ ಏಕೆ ಎಂದು ಕೇಳುವವರಿಗೆ ಒಂದೇ ಉತ್ತರವುಂಟು. ತಾವು ಕಾಫಿಗೆ ಹಾಕಿಕೊಳ್ಳುವ ಸಕ್ಕರೆ ಒಂದಲ್ಲ ಒಂದು ಸಲ ಇಂಥ ಲಾರಿಯನ್ನೇರಿಯೇ ಬಂದಿರುತ್ತದೆ.

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯನ್ನು ನಾವು ಈ ಮಾತಿಗೆ ನೆಲೆಯಾಗಿ ಆರಿಸಿಕೊಂಡಿದ್ದೇವೆ. ೧೯೪೮ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ೧೯೫೬ರಲ್ಲಿ ಈ ಭಾಗ ಕನ್ನಡ ನಾಡಿನೊಡನೆ ಕೂಡಿತು. ೧೯೯೭ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯೊಳಗೆ ಬಂದಿತು. ವರ್ಷಕ್ಕೆ ಐದುನೂರು ಆರುನೂರು ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುವ ಎರೆಮಣ್ಣಿನ ನೆಲ ಇದು. ಮಳೆ ಕಡಮೆಯಾದರೂ ನದಿಗಳ ನೀರನ್ನು ತಡೆದು ನಿಲ್ಲಿಸಿಕೊಂಡ ಊರುಗಳಲ್ಲಿ ಕಬ್ಬು ಹಬ್ಬಿತು. ಜಮಖಂಡಿಯ ಬಳಿ ಚಿಕ್ಕಪಡಸಲಗಿಯಲ್ಲಿ ೧೯೮೯ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣೆಗೆ ಒಡ್ಡು ಕಟ್ಟಿದ ಸಂಗತಿಯನ್ನು ಕನ್ನಡಿಗರು ಮರೆಯಲಾರರು. ಕಬ್ಬು ಬಂದ ಮೇಲೆ ಸಮೀರವಾಡಿಯಂಥ ಕಡೆಗಳಲ್ಲಿ ಕಾರ್ಖಾನೆಗಳು, ಮಹಾಲಿಂಗಪುರದಲ್ಲಿ ಬೆಲ್ಲದ ದೊಡ್ಡ ಪೇಟೆ, ಇವೆಲ್ಲಕ್ಕೂ ಸಾಗಣೆಯ ವಾಹನಗಳು ಬೇಕಾದುವು.

ಲಾರಿಯ ಶತ್ರುಗಳೂ ಈ ಸೀಮೆಯಲ್ಲಿ ಕಬ್ಬಿನೊಡನೆಯೇ ಬರುತ್ತಾರೆ. ಕಬ್ಬಿನ ಒಣಗಿದ ಎಲೆಗೆ ಇಲ್ಲಿಯವರು ರವದಿ ಎನ್ನುತ್ತಾರೆ. ಈ ರವದಿ ಮಡ್ಗಾರ್ಡಿನ ಒಳಮಗ್ಗುಲಲ್ಲಿ ಸಿಕ್ಕಿಕೊಂಡು, ಅದರ ಮೇಲೆ ಎರೆಮಣ್ಣಿನ ಕೆಸರು ಮೆತ್ತಿಕೊಂಡು, ತೊಯ್ದ ಅರಿವೆಯಂತೆ ತಿಂಗಳುಗಟ್ಟಲೆ ತಗಡಿಗೆ ಅಂಟಿಕೊಂಡಿರುತ್ತದೆ. ಕಬ್ಬಿನ ರಸ ಸ್ವಭಾವತಃ ತುಸು ಹುಳಿ. ಹುದುಗಿದರೆ ಇನ್ನೂ ಹುಳಿಯಾಗುತ್ತದೆ. ಮೇಲಾಗಿ ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಈ ತಾಲ್ಲೂಕುಗಳ ಊರುಗಳೊಳಗೆ ನುಗ್ಗಿದುವು. ನೆರೆನೀರಿನಲ್ಲಿ ನಿಂತ ಗಾಡಿಯ ಬಾಗಿಲಿನ ಪೊಳ್ಳಿನೊಳಗೆ, ಮಡಿಕೆಗಳ ಸಂದಿನೊಳಗೆ ಕೂತ ನಯವಾದ ಹೂಳು ಹೊರಗೆ ತೊಳೆದ ಮಾತ್ರಕ್ಕೆ ಹೋಗುವುದಿಲ್ಲ. ಅದು ಒಳಗೇ ಕೂತು ತೇವವನ್ನು ಹಿಡಿದುಕೊಂಡಿದ್ದು, ಎರಡು ಮೂರು ವರ್ಷಗಳ ತರುವಾಯ ಹೊರಗಿನ ಬಣ್ಣದ ಮೇಲೆ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಆಗ ತಗಡನ್ನು ಬದಲಿಸದೆ ಗತ್ಯಂತರವಿಲ್ಲ.

ಹಳೆಯ ಲಾರಿ ಎಂದಾಗ ನಮ್ಮ ಮನಸ್ಸಿನಲ್ಲಿರುವುದು ಮೂತಿ ಮುಂದಕ್ಕೆ ಚಾಚಿದ, ಬಾನೆಟ್ಟುಳ್ಳ, ಟಾಟಾ ಮರ್ಸಿಡಿಸ್-ಬೆಂಜ್ ಜಾತಿಯ ಗಾಡಿ. ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಟಾಟಾದವರು ೧೯೫೪ರಲ್ಲಿ ಜಮ್‌ಷೆಡ್‌ಪುರದಲ್ಲಿ ಈ ಲಾರಿಗಳನ್ನು ತಯಾರಿಸತೊಡಗಿದರು. ೧೯೬೯ರಲ್ಲಿ ಆ ಒಪ್ಪಂದ ಮುಗಿದು, ಮುಂಭಾಗದ ನಕ್ಷತ್ರ ಹೋಗಿ ಟಾಟಾದವರ ಗುರುತು ಬಂದಿತು. ಇಂಥ ಗಾಡಿಯನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಕಾನೂನಿನ ಆಸರೆಯೂ ಕಡಮೆ. ೨೦೨೧ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ಪುರಾತನ ವಾಹನಗಳಿಗಾಗಿ ಹೊರಡಿಸಿದ ನಿಯಮಗಳು ಸ್ವಂತ ಬಳಕೆಯ ದ್ವಿಚಕ್ರ ಚತುಷ್ಚಕ್ರ ವಾಹನಗಳನ್ನು ಮಾತ್ರ ಮನ್ನಿಸಿದುವು. ರಾಜರ ಮೋಟಾರಿಗೆ ಮರ್ಯಾದೆ ಸಿಕ್ಕಿತು. ರೈತನ ಕಬ್ಬನ್ನು ಹೊತ್ತ ಲಾರಿಗೆ ಸಿಗಲಿಲ್ಲ. ಇದು ನಮಗೆ ಅಷ್ಟು ಸರಿಯೆಂದು ತೋರುವುದಿಲ್ಲ, ಇರಲಿ.

ಬದಲಿ ತಗಡು ಮೂರು ಬಗೆಯಲ್ಲಿ ಕೈಗೆ ಬರುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿ, ಕಪ್ಪು ಲೇಪ ಕೊಟ್ಟು ಕಳುಹಿಸಿದ್ದು ಒಂದು. ಗುಜರಿಯಲ್ಲಿ ಬೇರೊಂದು ಗಾಡಿಯಿಂದ ಬಿಚ್ಚಿ ತಂದದ್ದು ಇನ್ನೊಂದು. ಹದಿನೆಂಟು ಇಲ್ಲವೆ ಇಪ್ಪತ್ತು ಗೇಜಿನ ಹಾಳೆಯನ್ನು ಕತ್ತರಿಸಿ, ಸುತ್ತಿಗೆಯಿಂದ ಬಡಿದು, ಹಳೆಯದರ ಪಡಿಯಚ್ಚಿನಂತೆ ಊರಿನ ಕೆಲಸಗಾರನೇ ಮಾಡಿಕೊಟ್ಟದ್ದು ಮೂರನೆಯದು. ಐವತ್ತು ಅರವತ್ತು ವರ್ಷದ ಗಾಡಿಗೆ ಈ ಮೂರನೆಯದೇ ಹೆಚ್ಚಾಗಿ ಗತಿ. ಮಡ್ಗಾರ್ಡಿನ ಆ ದುಂಡನ್ನು ಕಣ್ಣಳತೆಯಿಂದಲೇ ಎಬ್ಬಿಸುವ ಕೈಗಳನ್ನು ನೋಡಿದಾಗ, ಕಂಚುಗಾರನ ವಿದ್ಯೆ ಇನ್ನೂ ಸತ್ತಿಲ್ಲವೆಂದು ನಮಗೆ ಸಂತೋಷವಾಗುತ್ತದೆ.

ಹೊಸ ಕಪ್ಪು ತಗಡನ್ನು ನೋಡಿ ಅನೇಕರು ಮೋಸಹೋಗುತ್ತಾರೆ. ಒಳ್ಳೆಯ ಕಾರ್ಖಾನೆಯ ಕಪ್ಪು ಲೇಪವೆಂದರೆ, ತಗಡನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಮೂಲೆಮೂಲೆಗೂ ಬಣ್ಣ ಹಿಡಿಯುವಂತೆ ಮಾಡಿ, ಅನಂತರ ನೂರರುವತ್ತು ನೂರೆಂಬತ್ತು ಡಿಗ್ರಿಯ ಕುಲುಮೆಯಲ್ಲಿ ಸುಟ್ಟದ್ದು. ಅಗ್ಗದ ಕಪ್ಪು ಲೇಪವಾದರೋ ದಾರಿಯಲ್ಲಿ ತುಕ್ಕು ಹಿಡಿಯದಿರಲೆಂದು ಎರಚಿದ ತೆಳುಬಣ್ಣ ಮಾತ್ರ. ಎರಡೂ ಕಣ್ಣಿಗೆ ಒಂದೇ. ಇವುಗಳನ್ನು ಗುರುತಿಸುವುದು ಸುಲಭ: ಬಿಳಿಯ ಅರಿವೆಗೆ ಥಿನ್ನರ್ ಹಚ್ಚಿ, ಕಾಣದ ಮೂಲೆಯಲ್ಲಿ ಅರ್ಧ ನಿಮಿಷ ತಿಕ್ಕಬೇಕು. ಅರಿವೆ ಬಿಳಿಯಾಗಿಯೇ ಉಳಿದರೆ ಲೇಪ ಗಟ್ಟಿಯಾದದ್ದು. ಅದನ್ನು ಕಿತ್ತುಹಾಕುವುದು ಮೂರ್ಖತನ. ಮುನ್ನೂರಿಪ್ಪತ್ತನೆಯ ನಂಬರಿನ ಕಾಗದದಿಂದ ಹೊಳಪು ಸಾಯುವಷ್ಟು ತಿಕ್ಕಿ ಬಿಡಬೇಕು. ಅರಿವೆ ಕಪ್ಪಾದರೆ ಆ ಲೇಪವನ್ನು ಬುಡಮಟ್ಟ ತೆಗೆಯತಕ್ಕದ್ದೇ. ಅದರ ಮೇಲೆ ಎಷ್ಟು ಬೆಲೆಬಾಳುವ ಬಣ್ಣವನ್ನು ಹಾಕಿದರೂ, ಕೆಳಗಿನದು ಕರಗಿ ಸುಕ್ಕುಗಟ್ಟಿ ಮೇಲಿನದನ್ನೂ ಎಬ್ಬಿಸುತ್ತದೆ.

ಲೇಪದ ಗುಣವನ್ನು ತಿಳಿದುಕೊಂಡ ಮೇಲೆ ತಗಡನ್ನು ಮೊದಲು ಗಾಡಿಗೆ ಕೂಡಿಸಿ ನೋಡತಕ್ಕದ್ದು. ಈ ಕ್ರಮವನ್ನು ತಪ್ಪಿಸಿದವರು ಬಹಳ. ಬಾನೆಟ್ಟಿಗೂ ಮಡ್ಗಾರ್ಡಿಗೂ ನಡುವಣ ಸಂದು ಒಂದೇ ಸಮನಾಗಿದೆಯೆ, ಬಾಗಿಲು ಎಲ್ಲಿಯಾದರೂ ಉಜ್ಜುತ್ತದೆಯೆ, ದೀಪಕ್ಕೂ ಕನ್ನಡಿಗೂ ಬೇಕಾದ ರಂಧ್ರಗಳು ತಮ್ಮ ಸ್ಥಾನದಲ್ಲಿವೆಯೆ ಎಂಬುದನ್ನೆಲ್ಲ ಬರಿಯ ತಗಡಿನಲ್ಲಿಯೇ ನೋಡಿ, ಕೊರೆಯುವುದನ್ನು ಕೊರೆದು, ಬಡಿಯುವುದನ್ನು ಬಡಿದು, ಮತ್ತೆ ಬಿಚ್ಚಬೇಕು. ಬಣ್ಣವಾದ ಮೇಲೆ ಕೊರೆದ ಪ್ರತಿಯೊಂದು ರಂಧ್ರವೂ ತುಕ್ಕಿಗೆ ತೆರೆದ ಬಾಗಿಲು.

ಇನ್ನು ಜಿಡ್ಡಿನ ವಿಚಾರ. ರಬಕವಿ-ಬನಹಟ್ಟಿಗಳ ನೇಕಾರರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಕೋರಾ ನೂಲಿನಲ್ಲಿ ಹತ್ತಿಯ ಸಹಜವಾದ ಮೇಣವಿರುತ್ತದೆ. ಸೋಡಾ ಹಾಕಿ ಕುದಿಸಿ ಆ ಮೇಣವನ್ನು ಕಳೆದ ಹೊರತು ನೂಲು ಬಣ್ಣವನ್ನು ಸಮನಾಗಿ ಕುಡಿಯುವುದಿಲ್ಲವೆಂಬುದು ಅವರಿಗೆ ಗೊತ್ತಿದ್ದ ಮಾತು. ತಗಡಿನ ವಿಚಾರವೂ ಹೀಗೆಯೇ. ಕಾರ್ಖಾನೆಯಿಂದ ಬಂದ ಹಾಳೆಗೆ ಎಣ್ಣೆ ಸವರಿರುತ್ತಾರೆ. ಅದರ ಮೇಲೆ ಕೆಲಸಗಾರರ ಬೆವರು, ಬೆರಳಿನ ಗುರುತು. ಈ ಜಿಡ್ಡನ್ನು ತೆಗೆಯುವುದು ಉಜ್ಜುವುದಕ್ಕೆ ಮುಂಚೆ ಆಗಬೇಕು. ಮೊದಲು ಉಜ್ಜಿದರೆ ಎಣ್ಣೆ ಉಪ್ಪುಕಾಗದದ ಗೀರುಗಳೊಳಗೆ ತುಂಬಿಕೊಂಡು ಕೂರುತ್ತದೆ. ಆಮೇಲೆ ಬ್ರಹ್ಮನೂ ಅದನ್ನು ತೆಗೆಯಲಾರ. ಒರಸುವಾಗ ಎರಡು ಅರಿವೆ ಬೇಕು, ಒಂದು ತೊಯ್ದದ್ದು, ಒಂದು ಒಣಗಿದ್ದು. ತೊಯ್ದದ್ದು ಜಿಡ್ಡನ್ನು ಕರಗಿಸುತ್ತದೆ. ಆರುವುದಕ್ಕೆ ಮುಂಚೆ ಒಣ ಅರಿವೆ ಅದನ್ನು ಎತ್ತಿಕೊಳ್ಳಬೇಕು. ಒಂದೇ ಅರಿವೆಯಿಂದ ಒರಸುವವನು ಜಿಡ್ಡನ್ನು ಈ ಮೂಲೆಯಿಂದ ಆ ಮೂಲೆಗೆ ಹಂಚುತ್ತಾನೆ. ಸೀಮೆಎಣ್ಣೆ, ಡೀಸೆಲ್‌ಗಳಿಂದ ಒರಸುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಕಾಣುತ್ತದೆ. ಅವು ತಾವೇ ಎಣ್ಣೆಯ ಪೊರೆಯನ್ನು ಬಿಟ್ಟುಹೋಗುವುದರಿಂದ ತೊಳೆದದ್ದೂ ಕೆಟ್ಟದ್ದೂ ಸಮ.

ತಗಡು ಶುದ್ಧವಾಯಿತೆ ಎಂದು ತಿಳಿಯುವ ಪರೀಕ್ಷೆಗೆ ಕಾಸು ಖರ್ಚಿಲ್ಲ. ಒಂದು ತಂಬಿಗೆ ತಿಳಿನೀರನ್ನು ಮೇಲಿನಿಂದ ಬಿಡಬೇಕು. ನೀರು ಒಂದೇ ತೆರೆಯಾಗಿ ಒಡೆಯದೆ ಹರಿದರೆ ಜಿಡ್ಡು ಹೋಗಿದೆ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿದರೆ ಇನ್ನೂ ಇದೆ. ಈ ಪರೀಕ್ಷೆಯಾದ ಕೂಡಲೆ ತಗಡನ್ನು ಬಿಸಿಗಾಳಿಯಿಂದ ಒಣಗಿಸತಕ್ಕದ್ದು. ಬಿಟ್ಟರೆ ಅರ್ಧ ಗಂಟೆಯೊಳಗೆ ಕೇಸರಿ ಬಣ್ಣದ ಎಳೆತುಕ್ಕು ಏಳುವುದುಂಟು.

ಗುಜರಿಯ ತಗಡಾದರೆ ತುಕ್ಕು ಮೊದಲೇ ಇದ್ದೇ ಇರುತ್ತದೆ. ತುಕ್ಕಿನ ಮೇಲೆ ಬಣ್ಣ ಬಳಿದು ಮುಚ್ಚಿದರೆ ಅದು ಒಳಗೆ ಸುಮ್ಮನಿರುವುದಿಲ್ಲ. ಕಬ್ಬಿಣ ತುಕ್ಕಾಗುವಾಗ ಹಲವು ಪಟ್ಟು ಊದಿಕೊಳ್ಳುತ್ತದೆ. ಆ ಊತವೇ ಬಣ್ಣವನ್ನು ಹೊತ್ತು ಮೇಲಕ್ಕೆತ್ತುತ್ತದೆ. ಕೆರೆದು ಹೋಗುವುದನ್ನು ಕೆರೆಯಬೇಕು. ಗುಳಿಗಳಲ್ಲಿ ಉಳಿದದ್ದಕ್ಕೆ ನೀರು ಬೆರಸಿದ ಫಾಸ್ಫರಿಕ್ ಆಮ್ಲವನ್ನು ಹಚ್ಚುವುದುಂಟು. ತುಕ್ಕು ಅದರೊಡನೆ ಸೇರಿ ಬೂದುಗಪ್ಪಿನ ಫಾಸ್ಫೇಟಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ: ನಮ್ಮ ದೇಶದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ತಿಳಿಗೊಳಿಸುವುದಕ್ಕೆ ಬಳಸುವುದೂ ಈ ಆಮ್ಲವನ್ನೇ. ರಸದ ಕೊಳೆಯನ್ನು ಕಳೆಯುವ ವಸ್ತುವೇ ರಸವನ್ನು ಹೊರುವ ಗಾಡಿಯ ಕಿಲುಬನ್ನೂ ಕಳೆಯುತ್ತದೆ. ಕೈಗೆ ರಬ್ಬರಿನ ಗವುಸು, ಕಣ್ಣಿಗೆ ಕನ್ನಡಕ ಇಲ್ಲದೆ ಇದನ್ನು ಮುಟ್ಟಬಾರದು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಬಾರದು. ಕೆಲಸವಾದ ಮೇಲೆ ಚೆನ್ನಾಗಿ ತೊಳೆದು ಒಣಗಿಸತಕ್ಕದ್ದು. ಉಳಿದ ಆಮ್ಲದ ಮೇಲೆ ಇಪಾಕ್ಸಿ ಪ್ರೈಮರ್ ಕಚ್ಚುವುದಿಲ್ಲ.

ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಬಂದ ಮೇಲೆ ತುಕ್ಕಿಗೆ ಹೆದರಿ ಸತುವಿನ ಲೇಪವುಳ್ಳ ಹಾಳೆಯನ್ನೇ ಹಾಕಿಸಬಯಸುವವರಿರಬಹುದು. ಯೋಚನೆ ಒಳ್ಳೆಯದು. ಆದರೆ ಪೇಟೆಯಲ್ಲಿ ಸಿಗುವ ಸಿಂಥೆಟಿಕ್ ಎನಾಮಲ್ಲನ್ನು ಸತುವಿನ ಮೇಲೆ ನೇರವಾಗಿ ಬಳಿದರೆ, ಆ ಬಣ್ಣದೊಳಗಣ ಎಣ್ಣೆಯೂ ಸತುವೂ ತೇವದಲ್ಲಿ ಕೂಡಿ ಸಾಬೂನಿನಂಥ ಪದರವಾಗುತ್ತದೆ. ಕೆಲವು ಕಾಲದ ಮೇಲೆ ಬಣ್ಣ ಬಾಳೆಯ ಸಿಪ್ಪೆಯಂತೆ ಸುಲಿದು ಬರುತ್ತದೆ. ಸತುವಿಗೆ ಎಚ್ ಪ್ರೈಮರ್ ಎಂಬ ಆಮ್ಲಯುಕ್ತವಾದ ತೆಳುಲೇಪ ಬೇಕು. ಅದನ್ನು ಎಷ್ಟು ತೆಳ್ಳಗೆ ಎರಚಬೇಕೆಂದರೆ ಕೆಳಗಿನ ಲೋಹ ಇನ್ನೂ ಕಾಣುತ್ತಿರಬೇಕು. ದಪ್ಪವಾದಷ್ಟೂ ಒಳ್ಳೆಯದೆಂಬ ನಮ್ಮವರ ನಂಬಿಕೆ ಇಲ್ಲಿ ತಲೆಕೆಳಗು.

ಅಂಚುಗಳ ವಿಷಯದಲ್ಲಿ ನಾವು ತುಸು ಹೆಚ್ಚು ಹೊತ್ತು ನಿಲ್ಲಬಯಸುತ್ತೇವೆ. ಲಾರಿಯ ತುಕ್ಕು ಬಯಲಾದ ತಗಡಿನ ನಡುವೆ ಹುಟ್ಟುವುದು ಅಪೂರ್ವ. ಅದು ಅಂಚಿನಲ್ಲಿ, ರಂಧ್ರದ ಬಾಯಲ್ಲಿ, ಎರಡು ತಗಡು ಒಂದರ ಮೇಲೊಂದು ಕೂತ ಮಡಿಕೆಯಲ್ಲಿ ಹುಟ್ಟುತ್ತದೆ. ಹಸಿಯ ಬಣ್ಣ ಚೂಪಾದ ಅಂಚಿನಿಂದ ತನ್ನಷ್ಟಕ್ಕೆ ಹಿಂದೆ ಸರಿಯುವುದು ದ್ರವಗಳ ಸ್ವಭಾವ. ಮಟ್ಟದ ಮೇಲೆ ದಪ್ಪವಾಗಿ ನಿಂತ ಬಣ್ಣ ಅಂಚಿನಲ್ಲಿ ಈರುಳ್ಳಿಯ ಪೊರೆಯಷ್ಟಾಗುತ್ತದೆ. ಆದುದರಿಂದ ಕತ್ತರಿಸಿದ ಪ್ರತಿ ಅಂಚನ್ನೂ ಅರದಿಂದ ಉಜ್ಜಿ ಮೊಂಡಾಗಿಸಬೇಕು. ಎರಚುವುದಕ್ಕೆ ಮುಂಚೆ ಅಂಚುಗಳಿಗೂ ರಂಧ್ರಗಳಿಗೂ ಕುಂಚದಿಂದ ಒಂದು ಸುತ್ತು ಪ್ರೈಮರ್ ಕೊಡಬೇಕು. ಬೆಸುಗೆ ಹಾಕಿ ಕೂಡಿಸುವ ಮಡಿಕೆಗಳಾದರೆ, ಕೂಡಿದ ಮೇಲೆ ಕುಂಚ ಹೋಗುವುದಿಲ್ಲವಾಗಿ, ಬೆಸುಗೆಯ ಶಾಖವನ್ನು ತಾಳುವ ಸತುವಿನ ಪ್ರೈಮರನ್ನು ಮೊದಲೇ ಒಳಮೈಗೆ ಬಳಿಯತಕ್ಕದ್ದು. ಪ್ರೈಮರ್ ಆದ ತರುವಾಯ ಸಂದುಗಳಿಗೆ ಸೀಲರ್ ತುಂಬಬೇಕು. ಮಡ್ಗಾರ್ಡಿನ ಒಳಮಗ್ಗುಲಿಗೆ ಕಲ್ಲಿನ ಏಟು ತಡೆಯುವ ರಬ್ಬರಿನಂಥ ದಪ್ಪಲೇಪ ಬೇಕು. ರವದಿ ಕೂರುವುದು ಅಲ್ಲಿಯೇ ತಾನೆ? ಒಡೆಯನ ಕಣ್ಣು ಬೀಳದ ಈ ಜಾಗಗಳಿಗೆ ಒಂದು ದಿನದ ಕೆಲಸ ಹಿಡಿಯುತ್ತದೆ, ಬಿಲ್ಲಿನಲ್ಲಿ ಮಾತ್ರ ಅದಕ್ಕೆ ಒಂದು ಸಾಲೂ ಇರುವುದಿಲ್ಲ. ಬಣ್ಣಗಾರನಿಗೆ ಗಾಡಿಯೊಂದಕ್ಕೆ ಇಷ್ಟೆಂದು ಗುತ್ತಿಗೆ. ಹೊಳಪು ಕಂಡರೆ ಹಣ. ಹೀಗಿರುವಾಗ ಕಾಣದ ಕೆಲಸವನ್ನು ಅವನು ಬಿಟ್ಟರೆ ಅವನೊಬ್ಬನನ್ನೇ ಬೈಯುವುದು ನ್ಯಾಯವಲ್ಲ. ಬಣ್ಣಕ್ಕೊಂದು, ಅದರ ಮುಂಚಿನ ಕೆಲಸಕ್ಕೊಂದು ಎಂದು ಎರಡು ಕೂಲಿ ಗೊತ್ತುಮಾಡಿ, ಬಣ್ಣ ಬೀಳುವ ಹಿಂದಿನ ದಿನ ಒಡೆಯನೇ ಹೋಗಿ ಬೆರಳಿನಿಂದ ಅಂಚನ್ನು ಮುಟ್ಟಿ ನೋಡುವುದು ಇದಕ್ಕೆ ನಮಗೆ ತೋರುವ ಉಪಾಯ.

ಸುತ್ತಿಗೆಯ ಗುಳಿಗಳನ್ನು ತುಂಬುವ ಪುಟ್ಟಿಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ತೆಳ್ಳಗಿರಬೇಕು. ಎಚ್ ಪ್ರೈಮರಿನ ಮೇಲೆ ನೇರವಾಗಿ ಹಾಕಬಾರದು. ಉಜ್ಜಿದ ಇಪಾಕ್ಸಿ ಪ್ರೈಮರಿನ ಮೇಲೆ ಹಾಕಬಹುದು. ಎಂಬತ್ತರ ಕಾಗದದಿಂದ ರೂಪಕ್ಕೆ ತಂದು, ನೂರೆಂಬತ್ತರಿಂದ ಗೀರುಗಳನ್ನು ಮಾಯಿಸಬೇಕು. ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು, ಏಕೆಂದರೆ ಅದು ಸ್ಪಂಜಿನಂತೆ ನೀರು ಹೀರುತ್ತದೆ. ನೀರು ಹಾಕಿ ವಾಟರ್ ಪೇಪರಿನಿಂದ ತಿಕ್ಕುವುದು ಮೇಲಿನ ಪ್ರೈಮರ್ ಪೂರ್ತಿ ಮುಚ್ಚಿದ ಬಳಿಕ, ನಾನ್ನೂರರ ನಂಬರಿನಲ್ಲಿ.

ನಮ್ಮವರಿಗೆ ಪ್ರಿಯವಾದ ರೆಡ್ ಆಕ್ಸೈಡ್ ಬಳಿದು ತಿಂಗಳುಗಟ್ಟಲೆ ಹಾಗೆಯೇ ಬಿಡುವ ಪದ್ಧತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೆಂಪು ಬಂದ ಮೇಲೆ ಕಬ್ಬಿಣಕ್ಕೆ ಭಯವಿಲ್ಲವೆಂದು ಭಾವಿಸುತ್ತಾರೆ. ಆ ಲೇಪದಲ್ಲಿ ಸೂಕ್ಷ್ಮವಾದ ರಂಧ್ರಗಳುಂಟು. ಮೇಲ್ಬಣ್ಣ ಬೀಳುವವರೆಗೆ ಅದರೊಳಗಿಂದ ತೇವ ಇಳಿಯುತ್ತಲೇ ಇರುತ್ತದೆ. ಅಂಗಳದಲ್ಲಿ ಒಂದು ಮಳೆಗಾಲ ಕಳೆದ ಕೆಂಪು ತಗಡಿನಡಿಯಲ್ಲಿ ತುಕ್ಕು ಆಗಲೇ ಸಂಸಾರ ಹೂಡಿರುತ್ತದೆ.

ಕಾಲದ ಪ್ರಶ್ನೆ ಈ ಸೀಮೆಯಲ್ಲಿ ಕಠಿನವಾದದ್ದು. ಕಬ್ಬು ಅರೆಯುವ ಹಂಗಾಮು ಅಕ್ಟೋಬರ್ ನವೆಂಬರಿನಲ್ಲಿ ಮೊದಲಾಗಿ ಬೇಸಗೆಯವರೆಗೆ ನಡೆಯುತ್ತದೆ. ಆಗ ಗಾಡಿಗೆ ಬಿಡುವಿಲ್ಲ. ಬಿಡುವಾಗುವ ಹೊತ್ತಿಗೆ ಒಂದೋ ನಲವತ್ತು ಡಿಗ್ರಿಯ ಬಿಸಿಲು, ಇಲ್ಲವೆ ಮಳೆಗಾಲ. ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಬಣ್ಣ ಹರಡುವುದಕ್ಕೆ ಮುಂಚೆಯೇ ಆರಿ ಕಿತ್ತಳೆಯ ಸಿಪ್ಪೆಯಂತಾಗುತ್ತದೆ; ಎರೆಯ ಧೂಳು ಬೇರೆ. ಮಳೆಗಾಲದಲ್ಲಿ ಗಾಳಿಯ ತೇವ ನೂರಕ್ಕೆ ಎಂಬತ್ತೈದನ್ನು ಮೀರಿದರೆ ಕೈ ಹಾಕದಿರುವುದೇ ಲೇಸು. ತಗಡಿನ ಬಿಸಿ, ಇಬ್ಬನಿ ಕೂಡುವ ಉಷ್ಣತೆಗಿಂತ ಮೂರು ಡಿಗ್ರಿಯಾದರೂ ಮೇಲಿರತಕ್ಕದ್ದೆಂಬುದು ಬಲ್ಲವರ ನಿಯಮ. ಇಷ್ಟೆಲ್ಲದರ ಮೇಲೆ ನವರಾತ್ರಿಯ ಖಂಡೆಪೂಜೆಯ ಆತುರ. ಪೂಜೆಗೆ ಗಾಡಿ ಥಳಥಳಿಸಬೇಕು; ಪೂಜೆಗೆ ನಾಲ್ಕು ದಿನವಿರುವಾಗ ತಗಡು ಗ್ಯಾರೇಜಿಗೆ ಬರುತ್ತದೆ. ನಾಲ್ಕು ದಿನಗಳಲ್ಲಿ ಬಣ್ಣವಾಗುತ್ತದೆ, ಸಂಸ್ಕಾರವಾಗುವುದಿಲ್ಲ. ಏಪ್ರಿಲ್ ಮೇ ತಿಂಗಳುಗಳ ಮುಂಜಾವಿನಲ್ಲಿ, ನೆರಳಿನ ಕೆಳಗೆ, ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಕೂರಿಸಿ, ಪ್ರೈಮರಿನ ಕೆಲಸವನ್ನು ಮುಗಿಸಿಕೊಳ್ಳುವುದು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕೂ ಉತ್ತಮ.

ಕೊನೆಗೆ ಈ ಕೆಲಸವನ್ನು ಮಾಡುವ ಮನುಷ್ಯನ ಮಾತು. ಹೊಸ ತಗಡಿಗೆ ಹಳೆಯ ಕ್ಯಾಬಿನ್ನು ಸರಿಹೊಂದಬೇಕಾದರೆ ಪಕ್ಕದ ಹಳೆಯ ಬಣ್ಣವನ್ನೂ ಉಜ್ಜಬೇಕಾಗುತ್ತದೆ. ಆ ಕಾಲದ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟು ಸೇರಿರುತ್ತಿದ್ದುದು ಸಾಮಾನ್ಯ. ೨೦೧೭ರ ನವೆಂಬರಿನಿಂದ ನಮ್ಮ ದೇಶದಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ ತೊಂಬತ್ತು ಭಾಗಗಳ ಮಿತಿ ಬಂದಿದೆ. ಆದರೆ ಅದು ಮನೆಗೂ ಅಲಂಕಾರಕ್ಕೂ ಬಳಸುವ ಬಣ್ಣಗಳಿಗೆ ಅನ್ವಯಿಸುವಂಥದು. ಹಳೆಯ ಲಾರಿಯ ಮೈಮೇಲಿನ ಸೀಸ ಇದ್ದಲ್ಲಿಯೇ ಇದೆ. ಅದನ್ನು ಒಣಗಿದಂತೆಯೇ ಉಜ್ಜಿದರೆ ಆ ಪುಡಿ ಉಸಿರಿಗೆ ಹೋಗುತ್ತದೆ, ಕೈಗೆ ಹತ್ತುತ್ತದೆ, ಮಧ್ಯಾಹ್ನದ ರೊಟ್ಟಿಯೊಡನೆ ಹೊಟ್ಟೆಗಿಳಿಯುತ್ತದೆ. ಸಂಜೆ ಅಂಗಿಯೊಡನೆ ಮನೆಗೂ ಹೋಗಿ ತೊಡೆಯೇರುವ ಮಗುವಿಗೆ ಮೆತ್ತುತ್ತದೆ. ಮಕ್ಕಳ ಬುದ್ಧಿಯ ಬೆಳವಣಿಗೆಗೆ ಸೀಸ ಮಾಡುವ ಕೇಡು ಹಿಂದಿರುಗಿ ಸರಿಪಡಿಸುವಂಥದಲ್ಲ. ಹಳೆಯ ಬಣ್ಣವನ್ನು ನೀರು ಹಾಕಿಯೇ ಉಜ್ಜಬೇಕು, ಪೊರಕೆಯಿಂದ ಗುಡಿಸದೆ ತೊಯ್ದ ಅರಿವೆಯಿಂದ ಎತ್ತಬೇಕು, ಕೆಲಸದ ಅಂಗಿಯನ್ನು ಗ್ಯಾರೇಜಿನಲ್ಲಿಯೇ ಬಿಡಬೇಕು.

ಎರಡು ಡಬ್ಬಿಗಳನ್ನು ಬೆರಸಿ ಎರಚುವ ಈಗಿನ ಪಾಲಿಯುರೆಥೇನ್ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೋಸಯನೇಟುಗಳಿರುತ್ತವೆ. ೧೯೮೪ರ ಭೋಪಾಲದ ವಿಷವೇ ಇದೆಂದಲ್ಲ; ಆದರೂ ಅದೇ ವಂಶದ್ದು. ಉಸಿರಿನೊಡನೆ ಒಳಹೊಕ್ಕರೆ ಕೆಲವರಿಗೆ ಉಬ್ಬಸ ಅಂಟಿಕೊಂಡು, ಮುಂದೆ ಒಂದಿಷ್ಟು ಆವಿ ಸೋಕಿದರೂ ಕೆರಳುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧವಾದ ಗಾಳಿಯನ್ನು ಕೊಳವೆಯಿಂದ ಮುಖಕ್ಕೆ ತರುವ ಸಲಕರಣೆ ಬೇಕು. ಅಂಥದು ಇಲ್ಲದ ಚಿಕ್ಕ ಗ್ಯಾರೇಜಿನಲ್ಲಿ ಹೊಳಪಿನ ಆಸೆಯನ್ನು ಬಿಟ್ಟು, ಸಿಂಥೆಟಿಕ್ ಎನಾಮಲ್ಲನ್ನೇ ಗಾಳಿಯಾಡುವ ಜಾಗದಲ್ಲಿ ಕುಂಚದಿಂದ ಎರಡು ಸುತ್ತು ಬಳಿಯುವುದು ಮೇಲು. ಮೊದಲನೆಯ ಸುತ್ತು ಒಂದು ರಾತ್ರಿಯೆಲ್ಲ ಆರಲಿ. ಬೆಳಗ್ಗೆ ನಾನ್ನೂರರ ಕಾಗದದಿಂದ ಹಗುರವಾಗಿ ತಿಕ್ಕಿ, ತೊಳೆದು ಒಣಗಿಸಿ, ಎರಡನೆಯದನ್ನು ಬಳಿಯಬೇಕು. ಅದು ಆರಿದ ಮೇಲೆ ತಗಡನ್ನು ಗಾಡಿಗೆ ಕಟ್ಟುವಾಗ ಪ್ರತಿ ಬೋಲ್ಟಿನ ತಲೆಯ ಕೆಳಗೆ ರಬ್ಬರಿನ ವಾಷರೊಂದನ್ನು ಇಡತಕ್ಕದ್ದು.